ಕಿಟಕಿಯ ತುಕ್ಕು

ರೆಡ್ ಆಕ್ಸೈಡ್ ವಾಸನೆ ಬಂದರೆ ನನಗೆ ಈಗಲೂ ತಲೆ ಬಿಸಿಯಾಗುತ್ತದೆ. ಕಬ್ಬಿಣಕ್ಕೆ ಪೇಂಟ್ ಹೊಡೆಯುವ ಮೊದಲು ಬಳಿಯುತ್ತಾರಲ್ಲ, ಆ ಕೆಂಪು ಬಣ್ಣ. ಸಮುದ್ರದ ಬದಿಯ ಊರುಗಳಲ್ಲಿ ಮಳೆಗಾಲ ಮುಗಿದದ್ದೇ ತಡ, ಗೇಟು ಗ್ರಿಲ್ಲು ಎಲ್ಲ ಉಜ್ಜಿ ಅದನ್ನು ಬಳಿಯುವ ಕೆಲಸ ಸುರುವಾಗುತ್ತದೆ. ಕಳೆದ ವಾರ ಮೊಗ್ರಾಲಿನಲ್ಲಿ ಬಸ್ಸಿಳಿದೆ. ಹೊಸ ಹೈವೇಯ ಆಚೆ ಬದಿಗೆ ಹೋಗಲು ದಾರಿ ಹುಡುಕಿಕೊಂಡು ಎಲ್ಲಿಂದ ಎಲ್ಲಿಗೋ ನಡೆದು, ಬೆವರು ಒರೆಸಿಕೊಳ್ಳುತ್ತಾ ನಫೀಸಾತರ ಮನೆಯ ಗೇಟು ತೆರೆದರೆ ಮೂಗಿಗೆ ಬಡಿದದ್ದು ಅದೇ ವಾಸನೆ. ಮನೆಯೆದುರಿನ ಸಿಟೌಟಿನ ಗ್ರಿಲ್ಲಿಗೆ ಅರ್ಧ ಬಳಿದು, ಡಬ್ಬಿಯ ಮೇಲೆ ಬ್ರಷ್ಷು ಅಡ್ಡ ಇಟ್ಟು ಅವರು ಒಳಗೆ ಹೋಗಿದ್ದರು.

ತಿರುಗಿ ಹೋಗಿಬಿಡೋಣ ಅನ್ನಿಸಿತು. ಒಂದು ಮಳೆಗಾಲ ಪೂರ್ತಿ ನಾನು ಆ ಮನೆಯ ಕಡೆ ತಲೆ ಹಾಕಿರಲಿಲ್ಲ. ಇನ್ನು ಈ ಮೆಟ್ಟಿಲು ಹತ್ತುವುದಿಲ್ಲ ಅಂತ ಗಟ್ಟಿಯಾಗಿ ಹೇಳಿ ಬಂದವನೂ ನಾನೇ. ಆದರೆ ಫೋನು ಮಾಡಿ ಕರೆದದ್ದು ಅವರು. "ಪಾಸ್ಕಲಣ್ಣ, ಒಂದು ಕೆಲಸ ಉಂಟು. ಫೋನಲ್ಲಿ ಹೇಳುವಂಥದ್ದಲ್ಲ" ಅಂದಿದ್ದರು. ನಾನು ಅವರನ್ನು ಅಕ್ಕನ ಲೆಕ್ಕದಲ್ಲಿ ನಫೀಸಾತ ಅನ್ನುತ್ತೇನೆ, ಅವರು ನನ್ನನ್ನು ಅಣ್ಣನ ಲೆಕ್ಕದಲ್ಲಿ ಪಾಸ್ಕಲಣ್ಣ ಅನ್ನುತ್ತಾರೆ. ಇಬ್ಬರಲ್ಲಿ ಯಾರು ದೊಡ್ಡವರು ಅಂತ ಯಾವತ್ತೂ ಕೇಳಿಕೊಂಡದ್ದಿಲ್ಲ.

ನನ್ನದು ಹಲ್ಲಿನ ಕೆಲಸ. ಡಾಕ್ಟರಲ್ಲ, ಡಾಕ್ಟರು ಅಳತೆ ತೆಗೆದು ಕಳಿಸಿದ್ದಕ್ಕೆ ಹಲ್ಲಿನ ಸೆಟ್ಟು ಮಾಡಿ ಕೊಡುವವ. ವಿದ್ಯಾನಗರದಲ್ಲಿ ಒಂದು ಕೋಣೆಯ ಲ್ಯಾಬು ಉಂಟು. ಚಂದಕ್ಕೆ ಸಾಲಾಗಿ ಹಲ್ಲು ಜೋಡಿಸಲು ಯಾರಿಗೂ ಬರುತ್ತದೆ. ನಿಜದ ಹಲ್ಲಿನ ಹಾಗೆ ಕಾಣಬೇಕಾದರೆ ಒಂದನ್ನು ಕೂದಲೆಳೆಯಷ್ಟು ಓರೆ ಇಡಬೇಕು, ಬುಡಕ್ಕೆ ಸ್ವಲ್ಪ ಹಳದಿ ಹಚ್ಚಬೇಕು, ಎಲೆಯಡಿಕೆ ಹಾಕುವವರಾದರೆ ಸಣ್ಣದೊಂದು ಕಲೆಯನ್ನೂ ಇಡಬೇಕು. ಕೆಲಸ ಸರಿಯಾಗಿದ್ದರೆ ಅಲ್ಲಿ ಕೆಲಸ ಆಗಿದೆ ಅಂತಲೇ ಯಾರಿಗೂ ತಿಳಿಯಬಾರದು. ಹೀಗೆ ಆಯುಷ್ಯ ಕಳೆಯಿತು. ಮದುವೆಗಳಲ್ಲಿ, ಇಗರ್ಜಿಯ ಅಂಗಳದಲ್ಲಿ ನಾನು ಮಾಡಿದ ಹಲ್ಲುಗಳು ನನ್ನೆದುರೇ ನಗುತ್ತವೆ. ಯಾರೂ ಹೊಗಳುವ ಹಾಗಿಲ್ಲ, ನಾನೂ ಹೇಳಿಕೊಳ್ಳುವ ಹಾಗಿಲ್ಲ.

ಅಂದುಚ್ಚ ನನ್ನ ಲ್ಯಾಬಿಗೆ ಬಂದದ್ದೂ ಹಲ್ಲಿಗಾಗಿಯೇ. ಅವರು ನಫೀಸಾತರ ಗಂಡ. ಶಾಲೆಯ ಹೆಸರು ಅಬ್ದುಲ್ ರಹಿಮಾನ್, ಊರಿಗೆಲ್ಲ ಅಂದುಚ್ಚ. ಮೀಸೆ ಸರಿಯಾಗಿ ಮೂಡುವ ಮೊದಲೇ ಗಲ್ಫಿಗೆ ಹೋದವರು, ಗಡ್ಡ ಪೂರ್ತಿ ಬೆಳ್ಳಗಾದ ಮೇಲೆ ಊರಿಗೆ ಬಂದಿದ್ದರು. ನಡುವೆ ಎರಡು ವರ್ಷಕ್ಕೊಮ್ಮೆ ರಜೆ. ಅವರ ಮದುವೆಯೂ ರಜೆಯಲ್ಲಿ, ಮಗಳ ಮದುವೆಯೂ ರಜೆಯಲ್ಲಿ. ಅಲ್ಲಿ ಅವರಿದ್ದದ್ದು ಒಂದು ಆಟಿಕೆ ಅಂಗಡಿಯಲ್ಲಿ. ಮಕ್ಕಳ ಆಟಿಕೆಯಲ್ಲ, ದೊಡ್ಡವರದ್ದು. ಹಳಿ, ಎಂಜಿನು, ಡಬ್ಬಿ, ಸ್ಟೇಷನ್ನು, ಎಲ್ಲ ನಿಜದ್ದರ ಎಂಬತ್ತೇಳರಲ್ಲಿ ಒಂದು ಪಾಲು. ಬಿಳಿಯರು ಬಂದು ಒಂದು ಚಕ್ರ ಆರಿಸಲಿಕ್ಕೆ ಗಂಟೆಗಟ್ಟಲೆ ನಿಲ್ಲುತ್ತಿದ್ದರಂತೆ. ಮಾರುತ್ತಾ ಮಾರುತ್ತಾ ಇವರಿಗೂ ಆ ಹುಚ್ಚು ಹಿಡಿಯಿತು.

ಲ್ಯಾಬಿನಲ್ಲಿ ಕೂತು ನಾನು ಹಲ್ಲಿಗೆ ಕಲೆ ಇಡುವುದನ್ನು ಅವರು ಸುಮ್ಮನೆ ನೋಡಿದರು. ಮರುದಿನ ಒಂದು ಸಣ್ಣ ಪೆಟ್ಟಿಗೆ ಹಿಡಿದುಕೊಂಡು ಬಂದರು.

"ಪಾಸ್ಕಲಾ, ಹೊಸ ಹಲ್ಲನ್ನು ಹಳೆಯದು ಮಾಡ್ತಿಯಲ್ಲ ನೀನು. ಇದನ್ನು ಹಳೆಯದು ಮಾಡ್ಲಿಕ್ಕೆ ಆಗ್ತದಾ?"

ಪೆಟ್ಟಿಗೆಯಲ್ಲಿದ್ದದ್ದು ಒಂದು ಗೂಡ್ಸ್ ವ್ಯಾಗನ್. ಕೆಲಸ ಬಿಟ್ಟು ಬರುವಾಗ ಧಣಿ ಕೊಟ್ಟದ್ದು. ಅಮೆರಿಕದ್ದು, ಪ್ಲಾಸ್ಟಿಕ್ಕು, ಬೆಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ನೋಡಿದ ಕೂಡಲೇ ಆಟಿಕೆ ಅಂತ ಗೊತ್ತಾಗುತ್ತಿತ್ತು.

ಅವರಿಗೆ ಬೇಕಾಗಿದ್ದದ್ದು ಬೇರೆ. ಅವರು ಸಣ್ಣವರಿದ್ದಾಗ ಕುಂಬಳೆ ಸ್ಟೇಷನ್ನಿನ ಆಚೆ ಹುಲ್ಲು ಬೆಳೆದ ಹಳಿಯೊಂದರಲ್ಲಿ ಕೆಟ್ಟು ನಿಂತ ವ್ಯಾಗನ್ ಇತ್ತಂತೆ. ಅದರ ಬಾಗಿಲು ಅರ್ಧ ತೆರೆದು ಸಿಕ್ಕಿಕೊಂಡಿತ್ತು. ಮುಚ್ಚಲಿಕ್ಕೂ ಆಗದು, ತೆರೆಯಲಿಕ್ಕೂ ಆಗದು. ಶಾಲೆ ತಪ್ಪಿಸಿ ಅದರೊಳಗೆ ಕೂರುತ್ತಿದ್ದರಂತೆ. ಗಲ್ಫಿಗೆ ಹೊರಟ ದಿನ ಮಂಗಳೂರಿನ ರೈಲು ಹತ್ತಿದಾಗ ಕಿಟಕಿಯಿಂದ ಊರಿನದ್ದು ಅಂತ ಕೊನೆಗೆ ಕಂಡದ್ದು ಅದು.

"ಅದು ಬೇಕು ನನಗೆ. ಅದರ ಹಾಗಿರುವಂಥದ್ದಲ್ಲ, ಅದೇ ಬೇಕು" ಅಂದರು.

ಹೀಗೆ ಹಿಂದಿನ ವರ್ಷದ ಆ ಮಳೆಗಾಲ ಸುರುವಾಯಿತು. ಭಾನುವಾರ ಇಗರ್ಜಿಯಿಂದ ನೇರ ಬಸ್ಸು ಹತ್ತಿ ನಾನು ಮೊಗ್ರಾಲಿಗೆ ಹೋಗುತ್ತಿದ್ದೆ. ಅವರ ಮನೆಯ ಮಾಳಿಗೆಯಲ್ಲಿ ಪಡುಬದಿಗೆ ಒಂದು ಕೋಣೆ. ಕಿಟಕಿ ತೆರೆದರೆ ತೆಂಗಿನ ತಲೆಗಳ ಆಚೆ ಸಮುದ್ರ, ಮನೆಯ ಹಿಂದೆ ರೈಲಿನ ಹಳಿ. ಗೂಡ್ಸ್ ಬಂದರೆ ಅಂದುಚ್ಚ ಕೆಲಸ ಬಿಟ್ಟು ಓಡುತ್ತಿದ್ದರು. ನನ್ನ ಮನೆಮಾತು ಕೊಂಕಣಿ, ಅವರದ್ದು ಬ್ಯಾರಿ. ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿತವರಾದ್ದರಿಂದ ಜಗಳ ಮಾಡಲಿಕ್ಕೆ ಕನ್ನಡವೇ ಅನುಕೂಲ.

ಜಗಳ ಬೇಕಾದಷ್ಟು ಇತ್ತು. ಅಮೆರಿಕದ ವ್ಯಾಗನ್‌ಗೆ ಮಾಡಿನ ಮೇಲೆ, ಅಂದರೆ ಛಾವಣಿಯ ಮೇಲೆ, ನಡೆದುಹೋಗಲಿಕ್ಕೆ ಹಲಗೆಯ ದಾರಿ ಇರುತ್ತದೆ, ನಮ್ಮದಕ್ಕೆ ಇಲ್ಲ. ಅದನ್ನು ಕೆತ್ತಿ ತೆಗೆದು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮಾಡನ್ನು ನಯ ಮಾಡುವಾಗ ಜೂನ್ ಮುಗಿಯಿತು. ಏಣಿಯನ್ನು ಗೋಡೆಗೆ ಅಂಟಿಸಿಯೇ ಅಚ್ಚು ಹೊಯ್ದಿದ್ದರು, ಅದನ್ನೂ ಕೆತ್ತಿದೆ. ಮಕ್ಕಳ ಹಲ್ಲಿಗೆ ಕ್ಲಿಪ್ಪು ಹಾಕುವಾಗ ಬಿಗಿಯುವ ಸಪೂರ ತಂತಿ ನನ್ನ ಹತ್ತಿರ ಇತ್ತು. ಅದನ್ನು ಬಗ್ಗಿಸಿ, ಕೂದಲು ಹೊಗುವಷ್ಟೇ ತೂತು ಕೊರೆದು, ಒಂದೊಂದೇ ಮೆಟ್ಟಿಲು ಕೂರಿಸಿದೆ. ಬಾಗಿಲಿನದ್ದು ದೊಡ್ಡ ತಾಪತ್ರಯ. ನಿಜದ ಬಾಗಿಲಿನ ತಗಡು ಎಷ್ಟು ದಪ್ಪ ಇದ್ದೀತು? ಪ್ಲಾಸ್ಟಿಕ್ಕಿನದ್ದನ್ನು ಅಳತೆಗೆ ಹಿಡಿದರೆ ಕೋಟೆಯ ಬಾಗಿಲಿನಷ್ಟು ದಪ್ಪ. ಒಳಗಿನಿಂದ ಹೆರೆದು ಹೆರೆದು ಅಂಚನ್ನು ಎಲೆಯಷ್ಟು ತೆಳು ಮಾಡಿದೆ. ಎರಡು ಬಾಗಿಲು ಮುರಿದವು, ಹೊಸದಾಗಿ ಮಾಡಿದ ಮೂರನೆಯದು ನಿಂತಿತು. ಕಾಲಿನ ಎತ್ತರ ತಗ್ಗಿಸಿ, ಚಕ್ರ ಬದಲಿಸಿ, ಹಳಿಯ ಮೇಲೆ ತೂಕದಿಂದ ಓಡಲಿ ಅಂತ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಹೊಟ್ಟೆಗೆ ಅಂಟಿಸಿದೆವು.

ಜಡಿಮಳೆಯ ಆಟಿ ತಿಂಗಳಲ್ಲಿ ಬಣ್ಣ ಒಣಗುವುದಿಲ್ಲ. ಬೆಳಿಗ್ಗೆ ಬಳಿದದ್ದು ಸಂಜೆಗೂ ಬೆರಳಿಗೆ ಹಿಡಿಯುತ್ತಿತ್ತು. ಅಂದುಚ್ಚ ಒಂದು ಮರದ ಪೆಟ್ಟಿಗೆಯೊಳಗೆ ಬಲ್ಬ್ ಹಾಕಿ, ಅದರಲ್ಲಿ ವ್ಯಾಗನ್ ಇಟ್ಟು, ಪಕ್ಕದಲ್ಲೇ ಕೂತು ಕಾಯುತ್ತಿದ್ದರು. ಬಾಣಂತಿ ಕೋಣೆ ಅಂತ ನಫೀಸಾತ ಅದಕ್ಕೆ ಹೆಸರಿಟ್ಟಿದ್ದರು. ಅವರು ಚಹಾ ತಂದಿಟ್ಟು ಹೋಗುತ್ತಿದ್ದರು, ಕೂರುತ್ತಿರಲಿಲ್ಲ.

"ಎಡದ ಮೂಲೆಯಲ್ಲಿ ಒಂದು ತಗ್ಗು ಇತ್ತು ಮಾರಾಯ" ಅಂತ ಒಂದು ಭಾನುವಾರ ಅಂದುಚ್ಚ ಕಣ್ಣು ಮುಚ್ಚಿ ನೆನಪಿಸಿಕೊಂಡರು. "ಕೆಳಗಿಂದ ಒಂದು ಮೊಳ ಮೇಲೆ. ಎಮ್ಮೆ ಗುದ್ದಿದ ಹಾಗೆ."

ನಫೀಸಾತ ಬಾಗಿಲ ಹತ್ತಿರ ತಟ್ಟೆ ಹಿಡಿದುಕೊಂಡು ನಿಂತಿದ್ದರು. "ಆ ತಗ್ಗು ನೆನಪುಂಟು ಇವರಿಗೆ" ಅಂದರು. "ಮದುವೆಯ ದಿನ ನಾನು ಯಾವ ಬಣ್ಣದ ಸೀರೆ ಉಟ್ಟದ್ದು ಅಂತ ಕೇಳಿ ಪಾಸ್ಕಲಣ್ಣ."

"ಕೆಂಪಲ್ವಾ?" ಅಂದರು ಅಂದುಚ್ಚ, ಕಣ್ಣು ತೆರೆಯದೆ.

"ಪಚ್ಚೆ" ಅಂತ ಹೇಳಿ ಅವರು ಕೆಳಗೆ ಇಳಿದುಹೋದರು. ನಾವಿಬ್ಬರೂ ನಕ್ಕೆವು. ಆಮೇಲೆ ಬಿಸಿ ಮಾಡಿದ ಚಮಚದ ಹಿಂಬದಿ ಒತ್ತಿ ಆ ತಗ್ಗನ್ನು ಮಾಡಿದೆ. ಒಂದೇ ಸಲಕ್ಕೆ ಸರಿಯಾಗಿ ಬಂತು.

ಇಷ್ಟೆಲ್ಲ ಒದ್ದಾಟ ಯಾಕೆ ಅಂತ ಕೇಳಿದರೆ, ಅವರಿಗೆ ಅವರ ವ್ಯಾಗನ್ ಬೇಕಿತ್ತು. ನನಗೆ ಬೇಕಾದದ್ದು ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಇಂಥ ಹುಚ್ಚಿನವರು ಮಂಗಳೂರಿನಲ್ಲಿ ವರ್ಷಕ್ಕೊಮ್ಮೆ ಒಂದು ಹಾಲ್ ಹಿಡಿದು, ತಾವು ಮಾಡಿದ್ದನ್ನೆಲ್ಲ ಮೇಜಿನ ಮೇಲೆ ಇಟ್ಟು ತೋರಿಸುತ್ತಾರೆ. ಫೆಬ್ರವರಿಯಲ್ಲಿ ನಮ್ಮದನ್ನೂ ಇಡುವುದು ಅಂತ ಮಾತಾಯಿತು. ಹೆಸರು ಕೊಟ್ಟೆವು. ಪಕ್ಕದಲ್ಲಿ ಇಬ್ಬರ ಹೆಸರಿನ ಚೀಟಿ ಇಡುತ್ತಾರೆ ಅಂತ ಗೊತ್ತಾಯಿತು. ಜನ ಬಗ್ಗಿ ನೋಡಿ, ಇದನ್ನು ಯಾರು ಮಾಡಿದ್ದು ಅಂತ ಕೇಳುತ್ತಾರೆ. ನಾನು ಅಂತ ಹೇಳಬಹುದು. ಕೈಯ ಕೆಲಸವನ್ನು ಯಾರದೋ ಬಾಯೊಳಗೆ ಅಡಗಿಸಿಟ್ಟೇ ಬದುಕಿದವನಿಗೆ ಅದು ಎಷ್ಟು ದೊಡ್ಡ ಆಸೆ ಅಂತ ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ.

ಮಳೆ ಇಳಿಯುವಾಗ ತುಕ್ಕಿನ ಕೆಲಸಕ್ಕೆ ಬಂದೆವು. ಅದಕ್ಕೆಂದೇ ಮಾರುವ ಹುಡಿಯನ್ನು ಅಂದುಚ್ಚ ಗಲ್ಫಿನಿಂದ ತಂದಿದ್ದರು. ಹಚ್ಚಿದರೆ ಕಿತ್ತಳೆ ಸಿಪ್ಪೆಯ ಬಣ್ಣ. ನಮ್ಮ ಕಡೆಯ ತುಕ್ಕು ಹಾಗಿಲ್ಲ. ಉಪ್ಪು ಗಾಳಿಯ ತುಕ್ಕಿಗೆ ಒಳಗೆ ಕಪ್ಪು, ನಡುವೆ ಕೆಂಪು, ಮೇಲೆ ಹಳದಿ ಇರುತ್ತದೆ. ಎಷ್ಟು ಬೆರೆಸಿದರೂ ಬರಲಿಲ್ಲ. ಒಂದು ಭಾನುವಾರ ಅವರು ಎದ್ದು ಹೋಗಿ ಆ ಕೋಣೆಯ ಕಿಟಕಿಯ ಸರಳನ್ನು ಉಗುರಿನಿಂದ ಕೆರೆದು ನನ್ನ ಅಂಗೈಗೆ ಹಾಕಿದರು.

"ನೋಡು. ಮನೆಯಲ್ಲೇ ಉಂಟು, ನಾವು ಎಲ್ಲೆಲ್ಲೋ ಹುಡುಕ್ತೇವೆ."

ಅದೇ ಬಣ್ಣ. ಮೇಣ ಕೆತ್ತುವ ಚಾಕುವಿನಿಂದ ಸರಳುಗಳನ್ನು ಕೆರೆದು, ಲ್ಯಾಬಿಗೆ ಒಯ್ದು ಅರೆದು, ತೆಳು ಬಟ್ಟೆಯಲ್ಲಿ ಸೋಸಿದೆ. ಹೈವೇ ಕೆಲಸದಲ್ಲಿ ಅಗೆದ ಕೆಂಪು ಮುರಕಲ್ಲಿನ ಹುಡಿಯನ್ನು ಚೂರು ಬೆರೆಸಿ, ಒಣ ಕುಂಚದ ತುದಿಯಿಂದ ಮೊಳೆಯ ತಲೆಗಳ ಕೆಳಗೆ ಒಂದೊಂದು ಗೀಟು ಎಳೆದೆ. ಅಂದುಚ್ಚ ಉಸಿರು ಹಿಡಿದು ನೋಡುತ್ತಿದ್ದರು. ಪ್ಲಾಸ್ಟಿಕ್ಕು ಕಣ್ಣೆದುರೇ ಕಬ್ಬಿಣ ಆಯಿತು.

ಆ ತಿಂಗಳೇ ನಫೀಸಾತ ರೆಡ್ ಆಕ್ಸೈಡ್ ಡಬ್ಬಿ ಹಿಡಿದುಕೊಂಡು ಮಾಳಿಗೆಗೆ ಬಂದರು. ಪ್ರತಿ ವರ್ಷ ಅವರೇ ಮಾಡುವ ಕೆಲಸ ಅದು. ಉಜ್ಜಲಿಕ್ಕೆ ಒಂದು ತಂತಿ ಬ್ರಷ್ಷು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು.

"ಈ ಕಿಟಕಿಗೆ ಈ ಸಲ ಬೇಡ ನಫೀಸಾ" ಅಂದರು ಅಂದುಚ್ಚ. "ತುಕ್ಕು ಒಳ್ಳೆದಾಗಿ ಬರ್ತಾ ಉಂಟು."

ಅವರು ಗಂಡನ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. "ಒಳ್ಳೆದಾಗಿ ಬರ್ತಾ ಉಂಟಾ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಡಬ್ಬಿ ಎತ್ತಿಕೊಂಡು ಹೋದರು.

ದೀಪಾವಳಿಯ ಹೊತ್ತಿನ ತುಲಾ ತಿಂಗಳ ಮಳೆ ಮಧ್ಯಾಹ್ನದ ಮೇಲೆ ಗುಡುಗುತ್ತಾ ಒಮ್ಮೆಲೇ ಬರುತ್ತದೆ. ಅಂಥದ್ದೊಂದು ದಿನ ಗಾಳಿಗೆ ಕಿಟಕಿಯ ಬಾಗಿಲು ಹೊಡೆದುಕೊಳ್ಳುತ್ತಿತ್ತು. ನಾವು ಕುಂಚ ಹಿಡಿದು ಕೂತಿದ್ದೆವು, ಏಳಲಿಲ್ಲ. ನಫೀಸಾತರೇ ಕೆಳಗಿನಿಂದ ಓಡಿ ಬಂದು, ಒಂದು ಕೈಯಲ್ಲಿ ಸರಳು ಹಿಡಿದು ಇನ್ನೊಂದು ಕೈ ಹೊರಗೆ ಚಾಚಿ ಬಾಗಿಲು ಎಳೆದರು. ಸರಳು ಮುರಿಯಿತು. ಅಂಗೈ ಈ ತುದಿಯಿಂದ ಆ ತುದಿಗೆ ಕೊಯ್ದುಹೋಯಿತು.

ಅಂದುಚ್ಚ ಏನೂ ಮಾಡಲಿಲ್ಲ ಅಂತ ಯಾರೂ ಹೇಳಬಾರದು. ಹೆಗಲಿನ ಬೈರಾಸು ಬಿಗಿಯಾಗಿ ಕಟ್ಟಿದರು, ರಿಕ್ಷಾ ಕರೆಸಿದರು, ಹೆಂಡತಿಯನ್ನು ಹಿಡಿದುಕೊಂಡು ಹೋಗಿ ಅದರಲ್ಲಿ ಕೂರಿಸಿದರು. ಕೂರಿಸಿ, ಒಂದು ನಿಮಿಷ ಅಂತ ಹೇಳಿ ಮಾಳಿಗೆಗೆ ತಿರುಗಿ ಬಂದರು. ಮುರಿದ ಸರಳಿನಿಂದ ತುಕ್ಕಿನ ದೊಡ್ಡ ದೊಡ್ಡ ಹಕ್ಕಳೆ ಕಿಟಕಿಯ ದಂಡೆಯ ಮೇಲೆ ಬಿದ್ದಿದ್ದವು. ಹೊರಗೆ ಹನಿ ಸುರುವಾಗಿತ್ತು.

"ಒದ್ದೆ ಆದ್ರೆ ಹಾಳು. ಪೇಪರ್ ಹಿಡಿ" ಅಂದರು. ನಾನು ಪೇಪರ್ ಹಿಡಿದೆ, ಅವರು ಬ್ರಷ್ಷಿನಿಂದ ಗುಡಿಸಿದರು. ರಿಕ್ಷಾದಿಂದ ನಫೀಸಾತ ತಲೆ ಹೊರಗೆ ಹಾಕಿ ಕಿಟಕಿಯನ್ನೇ ನೋಡುತ್ತಿದ್ದರು.

ಇದರಲ್ಲಿ ಎಂತ ದೊಡ್ಡ ಪಾಪ? ರಕ್ತಕ್ಕೆ ಬಟ್ಟೆ ಕಟ್ಟಿಯಾಗಿತ್ತು, ರಿಕ್ಷಾ ಬಂದಿತ್ತು, ಡಾಕ್ಟರು ಎಲ್ಲಿಗೂ ಓಡಿಹೋಗುವವರಲ್ಲ. ಒಂದು ನಿಮಿಷ ತಡವಾದರೆ ಮಳೆ ನಮಗೆ ಕಾಯುತ್ತಿತ್ತಾ? ಆ ದಿನದಿಂದ ನಫೀಸಾತ ನಮಗೆ ಚಹಾ ತರುವುದನ್ನು ನಿಲ್ಲಿಸಿದರು. ಫ್ಲಾಸ್ಕಿನಲ್ಲಿ ಹಾಕಿ ಮೆಟ್ಟಿಲ ಬುಡದಲ್ಲಿ ಇಡುತ್ತಿದ್ದರು. ಕೈಯಲ್ಲಿ ಹೊಲಿಗೆ ಇತ್ತು, ಅದಕ್ಕೇ ಇರಬೇಕು ಅಂತ ನಾವು ತಿಳಿದುಕೊಂಡೆವು.

ಕ್ರಿಸ್ಮಸ್ಸಿಗೆ ನಾನು ಕುಸ್ವಾರಿನ ತಿಂಡಿಗಳನ್ನು ಕೊಟ್ಟುಬಂದೆ. ಜನವರಿಯಲ್ಲಿ ಕೆಲಸ ಮುಗಿಯಿತು. ಮೇಜಿನ ಮಟ್ಟಕ್ಕೆ ತಲೆ ಬಗ್ಗಿಸಿ, ಒಂದು ಕಣ್ಣು ಮುಚ್ಚಿ ನೋಡಿದರೆ ಅದು ಕೋಣೆಯೊಳಗೆ ಇರಲಿಲ್ಲ, ಕುಂಬಳೆಯ ಹುಲ್ಲಿನಲ್ಲಿತ್ತು. ಬಾಗಿಲು ಅರ್ಧ ತೆರೆದು ನಿಂತಿತ್ತು. ಹಮಾಲಿಗಳು ಸೀಮೆಸುಣ್ಣದಲ್ಲಿ ಗೀಚಿದ ಅಂಕೆಗಳು ಮಳೆಗೆ ಅರ್ಧ ಅಳಿಸಿದ್ದವು. ಮಾಡಿನ ಅಂಚಿನಿಂದ ತುಕ್ಕಿನ ನೀರು ಇಳಿದು ಒಣಗಿತ್ತು. ಅಂದುಚ್ಚ ಬೆರಳನ್ನು ಆ ಬಾಗಿಲಿನ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

ಮೇಲಿನಿಂದ ಒಂದು ಕೈ ವಾರ್ನಿಷ್ ಬಳಿದು ಹುಡಿಯನ್ನು ಗಟ್ಟಿ ಮಾಡುವ ಅಂದೆ. ಅವರು ಒಪ್ಪಲಿಲ್ಲ. "ವಾರ್ನಿಷ್ ಬಿದ್ರೆ ತುಕ್ಕು ಹೊಳೀತದೆ. ಹೊಳೆಯುವ ತುಕ್ಕು ಎಲ್ಲಿ ಕಂಡಿದ್ದಿ ನೀನು?" ಅಂದರು. ಮಾತು ಸರಿಯೇ. ಮುಟ್ಟದೆ ಇದ್ದರಾಯಿತು ಅಂತ ಹಾಗೆಯೇ ಮೇಜಿನ ಮೇಲೆ ಬಿಟ್ಟೆವು.

ರಂಜಾನ್ ಬರುವ ಮೊದಲು ಇಲ್ಲಿನ ಮುಸ್ಲಿಂ ಮನೆಗಳಲ್ಲಿ ನನಚ್ಚುಕುಳಿ ಅಂತ ಉಂಟು. ಹೆಸರಿಗೆ ಸ್ನಾನ, ಆದರೆ ಸ್ನಾನ ಮನೆಗೆ. ಮಾಡಿನ ಜೇಡರ ಬಲೆಯಿಂದ ಹಿಡಿದು ಮೆಟ್ಟಿಲ ಸಂದಿಯವರೆಗೆ ಎಲ್ಲ ತೊಳೆಯಬೇಕು. ಪಾತ್ರೆ, ಪೀಠೋಪಕರಣ, ಶೋಕೇಸಿನ ಸಾಮಾನು, ಎಲ್ಲ ಹೊರಗೆ ಬಂದು, ನೀರು ಕಂಡು, ಬಿಸಿಲಿಗೆ ಒಣಗಿ ಒಳಗೆ ಹೋಗುತ್ತವೆ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮಂಗಳೂರಿನ ಪ್ರದರ್ಶನಕ್ಕೂ ಇದಕ್ಕೂ ಸಂಬಂಧ ಬಂದೀತು ಅಂತ ಯಾರು ಎಣಿಸಿದ್ದರು?

ಪ್ರದರ್ಶನದ ಹಿಂದಿನ ದಿನ, ವ್ಯಾಗನ್ ಅಲುಗಾಡದ ಹಾಗೆ ಒಳಗೆ ಸ್ಪಂಜು ಕೊರೆದ ಪೆಟ್ಟಿಗೆ ಹಿಡಿದುಕೊಂಡು ಹೋದೆ. ಅಂಗಳದಲ್ಲಿ ಹೆಜ್ಜೆ ಇಡಲಿಕ್ಕೆ ಜಾಗ ಇರಲಿಲ್ಲ. ಕುರ್ಚಿ, ಹಾಸಿಗೆ, ಕವುಚಿ ಹಾಕಿದ ಪಾತ್ರೆ. ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಬಿಳಿ ಟವೆಲ್ಲು ಹಾಸಿತ್ತು, ಅದರ ಮೇಲೆ ವ್ಯಾಗನ್ ಇತ್ತು. ಬಿಸಿಲಿಗೆ ಹೊಳೆಯುತ್ತಿತ್ತು. ತುಕ್ಕು ಇಲ್ಲ, ಸೀಮೆಸುಣ್ಣ ಇಲ್ಲ. ಏಣಿಯ ತಂತಿಗಳು ಬಗ್ಗಿ ಅವಕ್ಕೆ ತೆಂಗಿನ ನಾರು ಸಿಕ್ಕಿಕೊಂಡಿತ್ತು. ಅರ್ಧ ತೆರೆದಿದ್ದ ಬಾಗಿಲನ್ನು ಒತ್ತಿ ಮುಚ್ಚಿಬಿಟ್ಟಿದ್ದರು.

ನನ್ನ ಸ್ವರ ಬೇಲಿಯಾಚೆಗೂ ಕೇಳಿಸಿರಬೇಕು. "ಎಂತ ಮಾಡಿದ್ದು ನೀವು ಇದು?"

ನಫೀಸಾತ ಬಾವಿಯ ದಂಡೆಯಲ್ಲಿ ಒಂದು ಚರಿಗೆ ಬೆಳಗುತ್ತಿದ್ದರು. ಕೈ ನಿಲ್ಲಿಸಲಿಲ್ಲ. "ಕೊಳೆ ಇತ್ತು. ತೊಳೆದೆ."

"ಅದು ಕೊಳೆಯಲ್ಲ, ತುಕ್ಕು."

"ತುಕ್ಕು ಎಂತದು ಅಂತ ನನಗೆ ಹೇಳಿಕೊಡ್ತೀರಾ ಪಾಸ್ಕಲಣ್ಣ?" ಅಂತ ಅವರು ಎದ್ದು ನಿಂತರು. ಸ್ವರ ಏರಿಸಲಿಲ್ಲ. "ಇವರು ಗಲ್ಫಲ್ಲಿ ಇದ್ದಷ್ಟು ವರ್ಷ ಈ ಮನೆಯ ತುಕ್ಕು ಉಜ್ಜಿದ್ದು ಯಾರು? ಗೇಟಿಂದು, ಗ್ರಿಲ್ಲಿಂದು, ಪಂಪಿಂದು. ಇವರ ಉಮ್ಮ ಮಲಗಿದಲ್ಲೇ ಇದ್ದ ಮಂಚದ್ದು. ಉಮ್ಮ ತೀರಿಹೋದಾಗ ಇವರಿಗೆ ರಜೆ ಸಿಗ್ಲಿಲ್ಲ. ಮಯ್ಯತ್ತು ಎತ್ತಿದ ಮೇಲೆ ಆ ಮಂಚವನ್ನೂ ನಾನೇ ಉಜ್ಜಿ ಬಣ್ಣ ಬಳಿದೆ. ಅದೆಲ್ಲ ಇವರಿಗೆ ನೆನಪಿಲ್ಲ, ನೋಡ್ಲೇ ಇಲ್ಲವಲ್ಲ, ನೆನಪು ಎಲ್ಲಿಂದ ಬರ್ಬೇಕು? ಈಗ ಬಂದು ನನ್ನ ಎದುರು ಕೂತು ತುಕ್ಕು ಹಚ್ತಾರೆ. ನೀವು ಪೇಪರ್ ಹಿಡೀತೀರಿ. ಗೊತ್ತಿದ್ದೇ ತೊಳೆದದ್ದು ನಾನು. ಇನ್ನೊಮ್ಮೆ ಹಚ್ಚಿದ್ರೆ ಇನ್ನೊಮ್ಮೆ ತೊಳೀತೇನೆ."

ಅಂದುಚ್ಚ ಹಿಂದಿನ ಬಾಗಿಲಿನಿಂದ ಬಂದು ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಕಲ್ಲಿನ ಹತ್ತಿರ ಹೋಗಿ ವ್ಯಾಗನ್ ಎತ್ತಿ, ಆಚೆ ಈಚೆ ತಿರುಗಿಸಿ ನೋಡಿದರು. "ಒಳ್ಳೆ ಬೆಳಗಿದ್ದಿ" ಅಂದರು. ಅಷ್ಟೇ. ಆಮೇಲೆ ನನಗೆ, "ನಾಳೆ ಹೋಗುವುದು ಬೇಡ ಪಾಸ್ಕಲಾ" ಅಂದರು.

ಅವರು ಹೆಂಡತಿಗೆ ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು. ಬೈಯದೆ, ಅದನ್ನು ಒರೆಸಿ, ಒಳಗೆ ಒಯ್ದು ಶೋಕೇಸಿನಲ್ಲಿ ಗಲ್ಫಿನ ಕಪ್ಪುಗಳ ನಡುವೆ ಇಟ್ಟರು. ನನಗೆ ಮೈಯೆಲ್ಲ ಉರಿಯಿತು. ಇಡೀ ಮಳೆಗಾಲ ಕಣ್ಣು ನೋಯಿಸಿಕೊಂಡವನು ನಾನು. ಗಂಡ ಹೆಂಡತಿಯ ಲೆಕ್ಕ ಏನಿದ್ದರೂ ಅದನ್ನು ನನ್ನ ಕೆಲಸದ ಮೇಲೆ ಯಾಕೆ ತೀರಿಸಬೇಕು? ಇನ್ನು ಈ ಮನೆಯ ಮೆಟ್ಟಿಲು ಹತ್ತಿದರೆ ಹೇಳಿ ಅಂತ ಇಬ್ಬರಿಗೂ ಕೇಳುವ ಹಾಗೆ ಹೇಳಿ, ಖಾಲಿ ಪೆಟ್ಟಿಗೆ ಹಿಡಿದುಕೊಂಡು ಬಸ್ಸು ಹತ್ತಿದೆ.

ಮರುದಿನ ಮಂಗಳೂರಿಗೆ ನಾನೊಬ್ಬನೇ ಹೋದೆ. ಯಾಕೆ ಹೋದೆನೋ. ಮೇಜಿನ ಮೇಲೆ ನಮ್ಮಿಬ್ಬರ ಹೆಸರಿನ ಚೀಟಿ ಇತ್ತು, ಅದರ ಮುಂದೆ ಖಾಲಿ ಜಾಗ. ಯಾರೋ ಅಲ್ಲಿ ಚಹಾ ಕುಡಿದ ಲೋಟ ಇಟ್ಟಿದ್ದರು.

ರಂಜಾನ್ ಮುಗಿದು ಪೆರ್ನಾಲ್ ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಅಂದುಚ್ಚನ ಫೋನು ಬಂತು, ಮಂಗಳೂರಿನ ಏರ್‌ಪೋರ್ಟಿನಿಂದ. "ಹಳೆ ಧಣಿ ಕರೆದ ಮಾರಾಯ. ಅಂಗಡಿಗೆ ಗೊತ್ತಿರುವ ಜನ ಬೇಕಂತೆ. ಇಲ್ಲಿ ಕೂತು ಎಂತ ಮಾಡುವುದು?" ಅಂದರು. ಹೆಂಡತಿಯ ಮಾತಿಲ್ಲ, ವ್ಯಾಗನಿನ ಮಾತಿಲ್ಲ. ಆ ವಯಸ್ಸಿನಲ್ಲಿ ಎಲ್ಲರೂ ಗಲ್ಫಿನಿಂದ ಬರುತ್ತಾರೆ, ಇವರು ಹೋದರು.

ಮಳೆಗಾಲದ ನಡುವೆ ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಗೂಡ್ಸ್ ವ್ಯಾಗನ್. ಬಾಗಿಲು ಅರ್ಧ ತೆರೆದಿತ್ತು. ಎಡದ ಮೂಲೆಯಲ್ಲಿ ತಗ್ಗಿತ್ತು. ಏಣಿಗೆ ಸಪೂರ ತಂತಿ, ಮಾಡಿನಿಂದ ಇಳಿದ ತುಕ್ಕಿನ ನೀರು, ಅಳಿಸಿದ ಸೀಮೆಸುಣ್ಣ, ಎಲ್ಲ ಇತ್ತು. ಕೆಳಗೆ ಬರೆದಿದ್ದರು: "ಇಲ್ಲಿ ಒಬ್ಬ ಫಿಲಿಪಿನೋ ಹುಡುಗ ಸಿಕ್ಕಿದ, ಒಳ್ಳೆ ಕೈ. ಹೊಸ ತುಕ್ಕು ಬಾಟ್ಲಿಯಲ್ಲಿ ಬರ್ತದೆ ಮಾರಾಯ, ಮೊದಲಿನ ಹಾಗೆ ಕಿತ್ತಳೆ ಅಲ್ಲ. ಕೆರೆಯುವುದು ಅರೆಯುವುದು ಎಂತದೂ ಬೇಡ. ಹೇಗುಂಟು?"

ಚೆನ್ನಾಗಿತ್ತು. ಅದೇ ಹೊಟ್ಟೆ ಉರಿಸಿದ್ದು. ಉತ್ತರ ಬರೆಯಲಿಲ್ಲ.

ಕಳೆದ ವಾರ ಆ ರೆಡ್ ಆಕ್ಸೈಡ್ ವಾಸನೆಯ ನಡುವೆ ಕೂತಾಗ ನನ್ನ ಜೇಬಿನ ಮೊಬೈಲಿನಲ್ಲಿ ಆ ಫೋಟೋ ಇತ್ತು. ನಫೀಸಾತ ಲಿಂಬೆ ಶರಬತ್ತು ತಂದುಕೊಟ್ಟು, ಈ ಸಲ ಎದುರಿಗೆ ಕೂತರು. ಶೋಕೇಸಿನಲ್ಲಿ ಕಪ್ಪುಗಳ ನಡುವೆ ವ್ಯಾಗನ್ ಹಾಗೆಯೇ ಇತ್ತು. ಧೂಳು ಕೂಡ ಕೂರಲಿಕ್ಕೆ ಬಿಟ್ಟಿರಲಿಲ್ಲ.

"ಫೋನು ಮಾಡ್ತಾರಾ?" ಅಂದೆ.

"ಮಾಡ್ತಾರೆ. ಊಟ ಆಯ್ತಾ, ಮಳೆ ಉಂಟಾ. ಅಷ್ಟೇ." ಶೋಕೇಸಿನ ಕಡೆ ನೋಡಿದರು. "ಇದರ ಸುದ್ದಿ ಎತ್ತುವುದಿಲ್ಲ. ಬೈಯುವುದೂ ಇಲ್ಲ. ಬೈದಿದ್ರೆ ನಾನೂ ಎಂತಾದ್ರೂ ಹೇಳ್ತಿದ್ದೆ." ನನ್ನ ಕಡೆ ತಿರುಗಿ ಕೇಳಿದರು, "ಇದನ್ನು ಮೊದಲಿನ ಹಾಗೆ ಮಾಡ್ಲಿಕ್ಕೆ ಆಗ್ತದಾ ಪಾಸ್ಕಲಣ್ಣ? ಬಾಗಿಲು ಸಹ. ಫೋಟೋ ತೆಗೆದು ಕಳಿಸುವ ಅಂತ. ನೋಡಿದ್ರೆ ಬರ್ತಾರೋ ಏನೋ."

ನನಗೆ ಕನಿಕರ ಬರಬೇಕಾಗಿತ್ತು. ಬಂದದ್ದು ಸಿಟ್ಟು. ಆ ಖಾಲಿ ಜಾಗ, ಆ ಚಹಾದ ಲೋಟ ಕಣ್ಣಿಗೆ ಕಟ್ಟಿತು. "ತುಕ್ಕಿಗೆ ಎಲ್ಲಿಗೆ ಹೋಗುವುದು ನಫೀಸಾತ? ನೀವು ಎಲ್ಲದಕ್ಕೂ ಬಣ್ಣ ಬಳಿದಿದ್ದೀರಲ್ಲ" ಅಂದೆ. ನೋಯಲಿ ಅಂತಲೇ ಅಂದದ್ದು.

ಅವರು ಎದ್ದರು. "ಬನ್ನಿ" ಅಂತ ಮೆಟ್ಟಿಲು ಹತ್ತಿದರು. ಪಡುಬದಿಯ ಕೋಣೆಯಲ್ಲಿ ಮೇಜು ಖಾಲಿ ಇತ್ತು, ಬಲ್ಬಿನ ಪೆಟ್ಟಿಗೆ ಮೂಲೆಯಲ್ಲಿತ್ತು. ಕಿಟಕಿಗೆ ದಪ್ಪದ ಪರದೆ. ಅದನ್ನು ಬದಿಗೆ ಸರಿಸಿದರು.

ಸರಳುಗಳು ಊದಿಕೊಂಡು ಪದರ ಪದರ ಎದ್ದಿದ್ದವು. ಮುರಿದದ್ದರ ಜಾಗದಲ್ಲಿ ಒಂದು ಮರದ ತುಂಡು ಕಟ್ಟಿದ್ದರು.

"ಇದೊಂದಕ್ಕೆ ನಾನು ಪೇಂಟ್ ಹಾಕ್ಲಿಲ್ಲ" ಅಂದರು. "ಇಡೀ ಮಳೆಗಾಲ ಕಿಟಕಿಯ ಬಾಗಿಲು ತೆರೆದೇ ಬಿಟ್ಟೆ, ಉಪ್ಪು ಗಾಳಿ ಬೀಳ್ಲಿ ಅಂತ. ನೆಲಕ್ಕೆ ನೀರು ಬಂದದ್ದನ್ನು ಒರೆಸಿದೆ, ಇದನ್ನು ಮುಟ್ಲಿಲ್ಲ."

ಬಲ್ಬಿನ ಪೆಟ್ಟಿಗೆಯ ಮೇಲಿದ್ದ ಹಳೆಯ ಪೇಪರಿನ ಹಾಳೆಯೊಂದನ್ನು ತೆಗೆದು ಸರಳಿನ ಕೆಳಗೆ ಹಿಡಿದರು. ಅಂಗೈಯ ಗಾಯದ ಗೀಟು ಬಿಳಿಯಾಗಿ ಕಾಣುತ್ತಿತ್ತು. ನಾನು ಬೀಗದಕೈಯ ತುದಿಯಿಂದ ಕೆರೆದೆ. ಹಕ್ಕಳೆ ಕಳಚಿ ಪೇಪರಿನ ಮೇಲೆ ಬಿತ್ತು. ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ಬೆಳಕಿಗೆ ಹಿಡಿದೆ. ಒಳಗೆ ಕಪ್ಪು, ನಡುವೆ ಕೆಂಪು, ಮೇಲೆ ಹಳದಿ. ಹಿಂದಿನ ವರ್ಷ ನಮಗೆ ಸಿಕ್ಕಿದ್ದಕ್ಕಿಂತಲೂ ಒಳ್ಳೆಯ ಬಣ್ಣ.

ಅಂದುಚ್ಚ ಕಳಿಸಿದ ಫೋಟೋದ, ಬಾಟ್ಲಿಯ ತುಕ್ಕಿನ ಮಾತು ಬಾಯಿಯವರೆಗೆ ಬಂತು.

"ಬಣ್ಣ ಬಂದಿದ್ಯಾ?" ಅಂತ ಅವರು ಕೇಳಿದರು. ಕಣ್ಣು ನನ್ನ ಬೆರಳಿನ ಮೇಲಿತ್ತು.

"ಇನ್ನೂ ಬರ್ಲಿಲ್ಲ ನಫೀಸಾತ" ಅಂದೆ. "ಇನ್ನೊಂದು ಮಳೆಗಾಲ ಹೋಗ್ಲಿ."

"ಆಗ್ಲಿ" ಅಂದರು. ಬಿದ್ದಷ್ಟು ಹುಡಿ ಚೆಲ್ಲದ ಹಾಗೆ ಪೇಪರನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕಿಟಕಿಯ ಬಾಗಿಲನ್ನು ಇನ್ನೂ ಸ್ವಲ್ಪ ಅಗಲ ತೆರೆದಿಟ್ಟು, ಪರದೆ ಎಳೆದರು.